ಊರು ಬದಲಾದ ಮೇಲೆ ಕೈತಪ್ಪುತ್ತಿರುವ ಹದಿನೈದರ ಮಗ: ಕಾರವಾರದಲ್ಲಿ ಅವನಿಗೆ ಒಳ್ಳೆಯ ಒಡನಾಡಿಗಳು ಸಿಗುವುದು ಹೇಗೆ?

ಪ್ರಶ್ನೆ
ಘಟ್ಟ ಇಳಿದವಳು, ಕಾರವಾರ

ಎಲ್ಲರಿಗೂ ನಮಸ್ಕಾರ. ಹೆಸರು ಹೇಳದೆ ಬರೆಯುತ್ತಿರುವುದಕ್ಕೆ ಕ್ಷಮೆ ಇರಲಿ. ಕಾರವಾರ ಸಣ್ಣ ಊರು. ಮಗನಿಗೆ ಇದು ತಿಳಿದರೆ ಅವನು ಈಗ ನನ್ನೊಡನೆ ಆಡುತ್ತಿರುವ ನಾಲ್ಕು ಮಾತೂ ನಿಂತುಹೋದಾವು.

ನಾವು ಮೂಲತಃ ಶಿರಸಿ ಕಡೆಯ ಹಳ್ಳಿಯವರು. ಎರಡು ವರ್ಷಗಳ ಹಿಂದೆ ನಮ್ಮ ಯಜಮಾನರಿಗೆ ಕಾರವಾರಕ್ಕೆ ವರ್ಗವಾದಾಗ ಸಂಸಾರ ಸಮೇತ ದೇವಿಮನೆ ಘಟ್ಟ ಇಳಿದು ಬಂದೆವು. ಆಗ ಹದಿಮೂರರವನಾಗಿದ್ದ ಮಗನಿಗೆ ಈಗ ಹದಿನೈದು ತುಂಬಿದೆ, ಹತ್ತನೇ ತರಗತಿಯಲ್ಲಿದ್ದಾನೆ. ಊರಿನಲ್ಲಿದ್ದಾಗ ಅವನು ಶಾಲೆ ಬಿಟ್ಟೊಡನೆ ಕೇರಿಯ ಏಳೆಂಟು ಮಕ್ಕಳೊಡನೆ ತೋಟ, ಬೆಟ್ಟ, ಹೊಳೆ ಎಂದು ಸುತ್ತಿ, ಕತ್ತಲಾದ ಮೇಲೆ ನಾನು ಅಂಗಳದಲ್ಲಿ ನಿಂತು ಕೂಗಿದರೆ ಮಾತ್ರ ಮನೆಗೆ ಬರುತ್ತಿದ್ದ. ಇಲ್ಲಿಗೆ ಬಂದ ಮೊದಲ ವರ್ಷ ಅವನು ಹೊರಗೆ ಹೋದದ್ದೇ ಇಲ್ಲ. ಅವನ ತರಗತಿಯ ಮಕ್ಕಳು ಪಾಠದ ಹೊತ್ತಿನಲ್ಲಿ ಕನ್ನಡ, ಇಂಗ್ಲಿಷ್ ಆಡಿದರೂ ಆಟದ ಬಯಲಿಗೆ ಇಳಿದೊಡನೆ ಕೊಂಕಣಿಗೆ ಹೊರಳುತ್ತಾರೆ. ಇವನಿಗೆ ಅದು ಬಾರದು. ಇವನ ಹವ್ಯಕ ಮಾತನ್ನು ಯಾರೋ ಅಣಕಿಸಿದರಂತೆ, ಅಂದಿನಿಂದ ಶಾಲೆಯಲ್ಲಿ ಬಾಯಿ ತೆರೆಯುವುದನ್ನೇ ಬಿಟ್ಟ. ಕನ್ನಡ ಮಾಧ್ಯಮದಲ್ಲಿ ಓದುತ್ತಿದ್ದವನನ್ನು ಇಂಗ್ಲಿಷ್ ಮಾಧ್ಯಮಕ್ಕೆ ಹಾಕಿದ್ದು ನಮ್ಮ ನಿರ್ಧಾರವಾಗಿದ್ದು, ಅದರ ಭಾರವೂ ಅವನ ಮೇಲೆಯೇ ಬಿತ್ತು ಎಂಬುದು ಈಗ ತೋರುತ್ತಿದೆ.

ಕಳೆದ ಡಿಸೆಂಬರಿನಿಂದ ಅವನಿಗೆ ಕೆಲವು ಗೆಳೆಯರು ಸಿಕ್ಕಿದ್ದಾರೆ. ಎಲ್ಲರೂ ಹದಿನೆಂಟು, ಇಪ್ಪತ್ತರ ಆಸುಪಾಸಿನವರು, ಬಂದರಿನ ಕಡೆಯ ಪುಂಡರು. ಎಲ್ಲರ ಬಳಿಯೂ ಬೈಕ್ ಇದೆ. ಸಂಜೆಯಾದರೆ ಕಾಳಿ ನದಿಯ ಕಡೆ, ಕುಸಿದ ಹಳೆಯ ಸೇತುವೆಯ ದಿಕ್ಕಿಗೆ ಗುಂಪು ಕೂಡುತ್ತಾರೆ. ಮಗ ಟ್ಯೂಷನ್ನಿಗೆ ಹೋಗಿಲ್ಲವೆಂದು ನನಗೆ ತಿಳಿದದ್ದು ಒಂದೂವರೆ ತಿಂಗಳು ಕಳೆದ ಮೇಲೆ. ಅಂಗಿಯ ಜೇಬಿನಲ್ಲಿ ಗುಟ್ಕಾ ಪೊಟ್ಟಣ ಸಿಕ್ಕಿತು. ಕಪಾಟಿನಲ್ಲಿಟ್ಟಿದ್ದ ಎರಡು ಸಾವಿರ ರೂಪಾಯಿ ಕಾಣೆಯಾಯಿತು. ಅವನು ಬೈಕ್ ಓಡಿಸುವುದನ್ನು ಪಕ್ಕದ ಮನೆಯವರು ಹೆದ್ದಾರಿಯಲ್ಲಿ ಕಂಡಿದ್ದಾರೆ.

ಯಜಮಾನರು ಮೊಬೈಲ್ ಕಸಿದುಕೊಂಡು, ಆ ಹುಡುಗರ ಜೊತೆ ಕಂಡರೆ ಮನೆಗೆ ಬರುವುದೇ ಬೇಡ ಎಂದರು. ಅವನು ಒಂಬತ್ತು ದಿನ ಯಾರೊಡನೆಯೂ ಮಾತನಾಡಲಿಲ್ಲ. ಆಮೇಲೆ ತಿಳಿಯಿತು, ಆ ಒಂಬತ್ತು ದಿನವೂ ಶಾಲೆ ತಪ್ಪಿಸಿ ಅವರ ಜೊತೆಯಲ್ಲೇ ಇದ್ದ.

ನಾನು ಬೇರೆ ದಾರಿ ಹಿಡಿದೆ. ತರಗತಿಯಲ್ಲಿ ಮೊದಲಿಗನಾದ ಹುಡುಗನ ತಾಯಿಯ ಪರಿಚಯ ಮಾಡಿಕೊಂಡು, ಮಗನ ಹುಟ್ಟುಹಬ್ಬದ ನೆಪದಲ್ಲಿ ಅವನನ್ನು ಊಟಕ್ಕೆ ಕರೆದು ಹೋಳಿಗೆ ಮಾಡಿ ಬಡಿಸಿದೆ. ಇಬ್ಬರೂ ಎದುರುಬದುರು ಕುಳಿತು, ತಂತಮ್ಮ ಬಟ್ಟಲು ನೋಡಿಕೊಂಡು ಉಂಡು ಎದ್ದರು. ಅವನು ಹೋದ ಮೇಲೆ ಮಗ, ಇನ್ನು ನನಗೆ ಗೆಳೆಯರನ್ನು ಬಾಡಿಗೆಗೆ ತರಬೇಡ ಎಂದು ಹೇಳಿ ಕೋಣೆಯ ಬಾಗಿಲು ಹಾಕಿಕೊಂಡ.

ಅವನಿಗೆ ಒಳ್ಳೆಯ ಸಹವಾಸ ಸಿಗುವಂತೆ ಮಾಡಲು ತಾಯಿ ತಂದೆಯಿಂದ ಏನಾದರೂ ಸಾಧ್ಯವೇ? ಮತ್ತೆ ಶಿರಸಿಯ ಅಜ್ಜನ ಮನೆಗೆ ಕಳಿಸಿಬಿಡೋಣವೇ? ಇಂಥ ಮಕ್ಕಳಿಗೆಂದು ಶಿಬಿರಗಳೇನಾದರೂ ಇವೆಯೇ? ತಿಳಿದವರು ದಯವಿಟ್ಟು ಬರೆಯಿರಿ.

ಉತ್ತರ 1
ನಿವೃತ್ತ ಮಾಸ್ತರ, ಅಂಕೋಲಾ

ತಂಗೀ, ನಾನು ಮೂವತ್ತೊಂದು ವರ್ಷ ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಣದ ಮಾಸ್ತರನಾಗಿದ್ದು ನಿವೃತ್ತನಾದವನು. ನಿಮ್ಮ ಪತ್ರದಲ್ಲಿ ಹೋಳಿಗೆ ಊಟದ ಭಾಗವನ್ನು ಓದುವಾಗ ನಗು ಬಂತು, ಮರುಕ್ಷಣ ನೋವೂ ಆಯಿತು. ಏಕೆಂದರೆ ಇಂಥದೇ ಎಡವಟ್ಟನ್ನು ನಾನು ತರಗತಿಯಲ್ಲಿ ವರ್ಷಗಟ್ಟಲೆ ಮಾಡಿದ್ದೇನೆ, ಜಾಣನ ಪಕ್ಕದಲ್ಲಿ ತುಂಟನನ್ನು ಕೂರಿಸಿ ಇಬ್ಬರ ಮುಖವನ್ನೂ ಕೆಡಿಸಿದ್ದೇನೆ. ಈ ವಯಸ್ಸಿನ ಗಂಡುಮಕ್ಕಳು ಎದುರುಬದುರು ಕುಳಿತು ಗೆಳೆಯರಾಗುವುದಿಲ್ಲ. ಅಕ್ಕಪಕ್ಕದಲ್ಲಿ ನಿಂತು, ಇಬ್ಬರೂ ಬೇರೊಂದು ವಸ್ತುವಿನ ಕಡೆ ನೋಡುತ್ತಾ, ಅದರ ಬಗ್ಗೆಯೇ ಜಗಳವಾಡುತ್ತಾ ಗೆಳೆಯರಾಗುತ್ತಾರೆ. ಆದ್ದರಿಂದ ಒಳ್ಳೆಯ ಹುಡುಗನನ್ನು ಹುಡುಕುವುದನ್ನು ಬಿಟ್ಟು, ನಾಲ್ಕು ಜನ ಹುಡುಗರು ವಾರಕ್ಕೆರಡು ಸಲ ತಪ್ಪದೆ ಸೇರುವ ಒಂದು ಕೆಲಸವನ್ನು ಹುಡುಕಿ.

ಒಂದು ಉದಾಹರಣೆ ಹೇಳುತ್ತೇನೆ. ನಮ್ಮ ಶಾಲೆಯಲ್ಲಿ ಒಬ್ಬ ಹುಡುಗನಿದ್ದ. ಬೇರೊಂದು ಶಾಲೆಯಿಂದ ಜಗಳ ಮಾಡಿ ಬಂದವನು, ಅವನ ಜೊತೆ ಯಾರೂ ಕೂರುತ್ತಿರಲಿಲ್ಲ. ವಾಲಿಬಾಲ್ ತಂಡಕ್ಕೆ ಸೇರಿಸೋಣವೆಂದರೆ ಅವನಿಗೆ ಸರ್ವಿಸ್ ಕೂಡ ನೆಟ್ ದಾಟುತ್ತಿರಲಿಲ್ಲ. ನಾನು ಆಟದ ಸಾಮಾನಿನ ಕೋಣೆಯ ಚಾವಿಯನ್ನು ಅವನ ಕೈಗೆ ಕೊಟ್ಟು, ಚೆಂಡಿಗೆ ಗಾಳಿ ತುಂಬುವುದು, ನೆಟ್ ಕಟ್ಟುವುದು, ಹರಿದಲ್ಲಿ ಹೊಲಿಯುವುದು ನಿನ್ನ ಕೆಲಸ ಎಂದೆ. ಚಾವಿ ಅವನ ಬಳಿ ಇದ್ದುದರಿಂದ ಅವನು ಬಾರದೆ ಆಟ ಆರಂಭವಾಗುವಂತಿರಲಿಲ್ಲ. ದೀಪಾವಳಿ ರಜೆಯ ಹೊತ್ತಿಗೆ ಉಳಿದವರು ಗೇಟಿನ ಬಳಿ ನಿಂತು ಅವನ ದಾರಿ ಕಾಯುತ್ತಿದ್ದರು. ಇದರಿಂದ ಅವನು ಓದಿನಲ್ಲಿ ಮುಂದೆ ಬಂದ ಎಂದು ಭಾವಿಸಬೇಡಿ, ಗಣಿತದಲ್ಲಿ ನಪಾಸಾಗಿ ಪೂರಕ ಪರೀಕ್ಷೆಯಲ್ಲಿ ಪಾರಾದ. ಆದರೆ ಒಂಟಿಯಾಗಿ ಉಳಿಯಲಿಲ್ಲ.

ನೀವು ಹುಡುಕುವ ಜಾಗದಲ್ಲಿ ದಿನ ಮತ್ತು ಹೊತ್ತು ಗೊತ್ತಾಗಿರಬೇಕು; ಕೊನೆಯವರೆಗೂ ಅಲ್ಲೇ ಇರುವ ಒಬ್ಬ ಹಿರಿಯರಿರಬೇಕು; ಮತ್ತು ನಿಮ್ಮ ಮಗ ಒಂದು ದಿನ ಬಾರದಿದ್ದರೆ ಅಲ್ಲಿ ಏನಾದರೊಂದು ಕೆಲಸ ನಿಲ್ಲಬೇಕು. ಕೊನೆಯದೇ ಬಹಳ ಮುಖ್ಯ. ಕಾರವಾರದ ಮಾಲಾದೇವಿ ಮೈದಾನದಲ್ಲಿ ಸಂಜೆ ಆಡುವ ತಂಡಗಳನ್ನು ನೋಡಬಹುದು. ಸ್ಕೌಟ್ಸ್ ಇದ್ದರೆ ವಿಚಾರಿಸಿ. ಎನ್‌ಸಿಸಿ ನಮ್ಮ ಕರಾವಳಿಗೆ ಹೇಳಿ ಮಾಡಿಸಿದಂಥದು, ಆದರೆ ಅದರ ಕಿರಿಯ ವಿಭಾಗಕ್ಕೆ ಸಾಮಾನ್ಯವಾಗಿ ಎಂಟು ಅಥವಾ ಒಂಬತ್ತನೇ ತರಗತಿಯಲ್ಲೇ ಸೇರಿಸಿಕೊಳ್ಳುತ್ತಾರೆ. ಹತ್ತರಲ್ಲಿ ತಡವಾಯಿತು, ಪಿಯುಸಿಗೆ ಹೋದ ಮೇಲೆ ಹಿರಿಯ ವಿಭಾಗವಿದೆ. ಶಿರಸಿಯವರೆಂದ ಮೇಲೆ ಯಕ್ಷಗಾನ ತರಗತಿಗೆ ಹಾಕಿ ಎಂದು ಹತ್ತು ಜನ ಹೇಳುತ್ತಾರೆ. ಚಂಡೆಯ ಸದ್ದು ಕೇಳಿದರೆ ಅವನ ಬೆರಳು ಆಡುತ್ತದೆಯಾದರೆ ಖಂಡಿತ ಹಾಕಿ. ನಿಮ್ಮ ಬೆರಳು ಮಾತ್ರ ಆಡುವುದಾದರೆ ಬೇಡ.

ಒಂದು ಮಾತು ಕೇಳಲೇಬೇಕು. ನೀವು ಇಷ್ಟುದ್ದ ಬರೆದಿದ್ದೀರಿ, ಆದರೆ ಮಗನಿಗೆ ಇಷ್ಟವಾದದ್ದು ಏನು ಎಂದು ಒಂದು ಸಾಲೂ ಇಲ್ಲ.

ಉತ್ತರ 2
ಮೂವರು ಮಕ್ಕಳ ತಂದೆ, ಹೊನ್ನಾವರ

ಮಾಸ್ತರರ ಮೇಲಿನ ಗೌರವದಿಂದಲೇ ಭಿನ್ನಾಭಿಪ್ರಾಯ ಹೇಳುತ್ತೇನೆ. ಮನೆಗೆ ಬೆಂಕಿ ಬಿದ್ದಾಗ ತೋಟಕ್ಕೆ ಯಾವ ಸಸಿ ನೆಡೋಣ ಎಂದು ಯೋಚಿಸುತ್ತಾ ಕೂರಲಾಗದು. ಹದಿನೈದರ ಹುಡುಗ ಹೆದ್ದಾರಿಯಲ್ಲಿ ಬೈಕ್ ಓಡಿಸುತ್ತಿದ್ದಾನೆ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ಆದ ತಿದ್ದುಪಡಿಯ ಪ್ರಕಾರ, ಅಪ್ರಾಪ್ತ ವಯಸ್ಕರು ವಾಹನ ಓಡಿಸಿ ಅಪರಾಧವಾದರೆ ಪೋಷಕರಿಗೆ ಅಥವಾ ವಾಹನದ ಮಾಲೀಕರಿಗೆ ಮೂರು ವರ್ಷಗಳವರೆಗೆ ಜೈಲು ಮತ್ತು 25,000 ರೂಪಾಯಿ ದಂಡ ವಿಧಿಸಬಹುದು. ವಾಹನದ ನೋಂದಣಿ 12 ತಿಂಗಳು ರದ್ದಾಗುತ್ತದೆ. ಹುಡುಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಸಿಗುವುದಿಲ್ಲ. ಆ ಬೈಕಿನ ಮಾಲೀಕರ ಮನೆಗೆ ನಿಮ್ಮ ಯಜಮಾನರು ಇಂದೇ ಹೋಗಿ ಇದನ್ನು ಶಾಂತವಾಗಿ ತಿಳಿಸಲಿ. ನಾನು ಹಾಗೆ ಮಾಡಿದ್ದೆ, ಕೆಲಸವಾಯಿತು.

ಗೆಳೆಯರ ವಿಷಯದಲ್ಲೂ ನನ್ನ ಅನುಭವ ಕಠಿಣವಾದದ್ದೇ. ನಮ್ಮ ಎರಡನೆಯವನು ಇದೇ ಹಾದಿ ಹಿಡಿದಾಗ ಬಯಲುಸೀಮೆಯ ಒಂದು ವಸತಿ ಶಾಲೆಗೆ ಸೇರಿಸಿ, ಆರು ತಿಂಗಳು ಊರ ಕಡೆ ತಲೆ ಹಾಕದಂತೆ ನೋಡಿಕೊಂಡೆವು. ಈಗ ಚೆನ್ನಾಗಿದ್ದಾನೆ. ಮಕ್ಕಳನ್ನು ತಿದ್ದುವ ಶಿಸ್ತಿನ ಶಿಬಿರಗಳನ್ನು ನಡೆಸುವವರೂ ಇದ್ದಾರೆ. ಹಳೆಯ ಸಹವಾಸವನ್ನು ಬೇರು ಸಮೇತ ಕೀಳದೆ ಹೊಸದು ಬೆಳೆಯುವುದಿಲ್ಲ ಎಂಬುದು ನನ್ನ ಅಭಿಪ್ರಾಯ.

ಉತ್ತರ 3
ಆಪ್ತಸಮಾಲೋಚಕಿ, ಶಿರಸಿ

ಹೊನ್ನಾವರದವರು ಬೈಕಿನ ವಿಷಯದಲ್ಲಿ ಹೇಳಿದ್ದು ಸಂಪೂರ್ಣ ಸರಿ. ಅದಕ್ಕೆ ಕಾಯುವಂತಿಲ್ಲ, ಮಗನೊಡನೆ ಚರ್ಚೆಗೂ ಅಲ್ಲಿ ಎಡೆಯಿಲ್ಲ. ಆದರೆ ನಿಷೇಧ ಮತ್ತು ಶಿಬಿರದ ವಿಷಯದಲ್ಲಿ ನಾನು ಅವರನ್ನು ಒಪ್ಪಲಾರೆ.

ಗೆಳೆಯರ ನಿಷೇಧದ ಬಗ್ಗೆ ನೆದರ್ಲೆಂಡ್ಸ್ ದೇಶದ ಸಂಶೋಧಕರು ನೂರಾರು ಹದಿಹರೆಯದವರನ್ನು ಹಲವು ವರ್ಷ ಗಮನಿಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಇಂಥವರ ಜೊತೆ ಸೇರಬೇಡ ಎಂದು ತಂದೆತಾಯಿ ನಿಷೇಧಿಸಿದ ಮಕ್ಕಳು ಮುಂದಿನ ದಿನಗಳಲ್ಲಿ ದಾರಿ ತಪ್ಪಿದ ಗೆಳೆಯರೊಡನೆ ಇನ್ನೂ ಹೆಚ್ಚು ಬೆರೆತದ್ದು ಅದರಲ್ಲಿ ಕಂಡುಬಂತು. ಈ ತಾಯಿಯ ಒಂಬತ್ತು ದಿನಗಳ ಕಥೆ ಅದನ್ನೇ ಹೇಳುತ್ತಿದೆ. ನಿಷೇಧದಿಂದ ಗೆಳೆತನ ಕಡಿಯುವುದಿಲ್ಲ, ಮನೆಗೆ ಅದರ ಸುದ್ದಿ ಬರುವುದು ಮಾತ್ರ ನಿಲ್ಲುತ್ತದೆ.

ಶಿಬಿರದ ಬಗ್ಗೆ ಇನ್ನೂ ಗಂಭೀರವಾದ ಎಚ್ಚರಿಕೆ ಹೇಳಬೇಕಾಗಿದೆ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಕೇಂಬ್ರಿಡ್ಜ್ ಮತ್ತು ಸಾಮರ್‌ವಿಲ್ ಪಟ್ಟಣಗಳಲ್ಲಿ, ಹುಡುಗರು ಅಪರಾಧದ ದಾರಿ ಹಿಡಿಯದಂತೆ ತಡೆಯಲೆಂದು 1939ರಲ್ಲಿ ಒಂದು ದೊಡ್ಡ ಯೋಜನೆ ಆರಂಭವಾಯಿತು. ಸುಮಾರು 500 ಹುಡುಗರನ್ನು ಆರಿಸಿ, ಅರ್ಧದಷ್ಟು ಮಂದಿಗೆ ವರ್ಷಗಳ ಕಾಲ ಸಮಾಲೋಚನೆ, ಪಾಠ, ಬೇಸಿಗೆ ಶಿಬಿರ ಎಲ್ಲವನ್ನೂ ಒದಗಿಸಿ, ಉಳಿದರ್ಧವನ್ನು ಹಾಗೆಯೇ ಬಿಟ್ಟರು. ಸುಮಾರು ಮೂವತ್ತು ವರ್ಷಗಳ ನಂತರ ಜೋನ್ ಮೆಕಾರ್ಡ್ ಎಂಬ ಸಂಶೋಧಕಿ ಅವರೆಲ್ಲರನ್ನೂ ಹುಡುಕಿ ನೋಡಿದಾಗ, ನೆರವು ಪಡೆದವರ ಸ್ಥಿತಿಯೇ ಹಲವು ವಿಷಯಗಳಲ್ಲಿ ಕೆಟ್ಟದಾಗಿತ್ತು. ಅದರಲ್ಲೂ ಬೇಸಿಗೆ ಶಿಬಿರಕ್ಕೆ ಒಂದಕ್ಕಿಂತ ಹೆಚ್ಚು ಸಲ ಹೋಗಿ ಬಂದವರದು. ತುಂಟರನ್ನೇ ಒಂದೆಡೆ ಕೂಡಿಹಾಕಿದರೆ ಅವರು ತಮ್ಮ ಸಾಹಸಗಳನ್ನು ಹೇಳಿಕೊಂಡು ನಕ್ಕು, ಒಬ್ಬರಿಗೊಬ್ಬರು ಪಾಠ ಹೇಳಿಕೊಡುತ್ತಾರೆ ಎಂಬುದು ಆ ನಂತರ ಬಂದ ವಿವರಣೆ. ಆದ್ದರಿಂದ ‘ಇಂಥ ಮಕ್ಕಳಿಗೆಂದೇ’ ಇರುವ ಜಾಗ ಬೇಡ. ಎಲ್ಲ ಬಗೆಯ ಮಕ್ಕಳು ಬೇರೆ ಯಾವುದೋ ಕಾರಣಕ್ಕೆ ಸೇರುವ ಜಾಗ ಬೇಕು.

ಅದಕ್ಕೆ ಮೊದಲು, ಈ ಹುಡುಗನಿಗೆ ಗೆಳೆಯರ ಕೊರತೆಯ ಜೊತೆಗೆ ಮನಸ್ಸಿನ ಕಾಯಿಲೆಯೂ ಇದೆಯೇ ಎಂದು ನೋಡಬೇಕು. ಹದಿಹರೆಯದ ಖಿನ್ನತೆ ಯಾವಾಗಲೂ ಅಳುವಿನ ರೂಪದಲ್ಲೇ ಬರುವುದಿಲ್ಲ. ಸಿಡುಕು, ನಿದ್ದೆಯ ಏರುಪೇರು, ಮೊದಲು ಇಷ್ಟವಾಗುತ್ತಿದ್ದ ಯಾವುದೂ ಬೇಡವಾಗುವುದು, ಇವು ಎರಡು ವಾರಕ್ಕಿಂತ ಹೆಚ್ಚು ಕಾಲ ಇದ್ದರೆ ತೋರಿಸುವುದು ಒಳ್ಳೆಯದು. ಬದುಕಿ ಏನು ಮಾಡಲಿ ಎಂಬಂಥ ಮಾತು ಒಮ್ಮೆ ಬಂದರೂ ಕಾಯಬೇಡಿ. ಕಾರವಾರದ ಜಿಲ್ಲಾ ಆಸ್ಪತ್ರೆಯಲ್ಲಿ ಮನೋರೋಗ ವಿಭಾಗವಿದೆ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು, ತಾಯಂದಿರೂ ಮಾಡಬಹುದು. ಹದಿಹರೆಯದವರಿಗೆಂದು ಸರ್ಕಾರಿ ಆಸ್ಪತ್ರೆಗಳಲ್ಲಿ ನಡೆಯುವ ಸ್ನೇಹ ಕ್ಲಿನಿಕ್‌ಗಳಲ್ಲಿ ಗುಟ್ಕಾದ ವಿಷಯವನ್ನೂ ಗುಟ್ಟಾಗಿ ಮಾತನಾಡಲು ಸಾಧ್ಯ.

ಅಜ್ಜನ ಮನೆಗೆ ರಜೆಯಲ್ಲಿ ಕಳಿಸಿ, ಹಳೆಯ ಗೆಳೆಯರ ನಂಟು ಉಳಿಯಲಿ; ಆದರೆ ಹತ್ತನೇ ತರಗತಿಯ ನಡುವೆ ಶಾಲೆ ಬದಲಿಸಿದರೆ ಎರಡನೇ ಬಾರಿಗೆ ಬುಡ ಸಮೇತ ಕಿತ್ತಂತಾಗುತ್ತದೆ.

ಕೊನೆಯದಾಗಿ, ಬೇಗ ಫಲ ಬಯಸಬೇಡಿ. ಅಮೆರಿಕದ ಕಾನ್ಸಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ 2018ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಪರಿಚಯ ಸಾಮಾನ್ಯ ಸ್ನೇಹವಾಗಲು ಸುಮಾರು 50 ಗಂಟೆಗಳ ಒಡನಾಟ ಬೇಕು, ಆಪ್ತ ಸ್ನೇಹಕ್ಕೆ 200 ಗಂಟೆಗಳಿಗೂ ಹೆಚ್ಚು. ಅದು ಅಲ್ಲಿನ ವಯಸ್ಕರ ಮತ್ತು ಕಾಲೇಜು ವಿದ್ಯಾರ್ಥಿಗಳ ಲೆಕ್ಕ, ನಮ್ಮ ಹುಡುಗರದು ಸ್ವಲ್ಪ ಹೆಚ್ಚುಕಡಿಮೆ ಇರಬಹುದು. ಆದರೂ ಲೆಕ್ಕ ಹಾಕಿ ನೋಡಿ: ವಾರಕ್ಕೆ ಎರಡು ಸಲ, ಸಲಕ್ಕೆ ಎರಡು ಗಂಟೆ ಎಂದರೆ 50 ಗಂಟೆ ತುಂಬಲು ಮೂರು ತಿಂಗಳು ಬೇಕು. ನಮ್ಮಲ್ಲಿ ಹೆಚ್ಚಿನ ಪೋಷಕರು ಮೂರನೇ ವಾರಕ್ಕೇ, ಅಲ್ಲಿ ಯಾರೂ ಹೊಂದಲಿಲ್ಲ ಎಂದು ಬಿಡಿಸಿಬಿಡುತ್ತಾರೆ.

ಘಟ್ಟ ಇಳಿದವಳು, ಕಾರವಾರ

ಮಾಸ್ತರರ ಕೊನೆಯ ಸಾಲು ಓದಿ ನನಗೆ ನಾಚಿಕೆಯಾಯಿತು. ಅವನಿಗೆ ಇಷ್ಟವಾದದ್ದು ಯಂತ್ರ. ಹನ್ನೊಂದನೇ ವಯಸ್ಸಿನಲ್ಲಿ ನನ್ನ ಮಿಕ್ಸರ್ ಬಿಚ್ಚಿ ಹರಡಿ ಪೆಟ್ಟು ತಿಂದಿದ್ದ. ಅದರ ಮರುವರ್ಷ ಮಳೆಗಾಲದಲ್ಲಿ ಅಡಿಕೆಗೆ ಕೊಳೆ ಔಷಧಿ ಹೊಡೆಯುವ ಹೊತ್ತಿಗೆ ಅಜ್ಜನ ಮನೆಯ ಪಂಪ್ ಕೆಟ್ಟು, ಪೇಟೆಯ ಮೆಕ್ಯಾನಿಕ್ ಎರಡು ದಿನ ಬಾರದೆ ಹೋದಾಗ, ಇವನೇ ಬಿಚ್ಚಿ, ವಾಲ್ವಿನಲ್ಲಿ ಗಟ್ಟಿಯಾಗಿದ್ದ ಸುಣ್ಣ ಕೆರೆದು ಸರಿಮಾಡಿದ್ದ. ಕಾರವಾರಕ್ಕೆ ಬಂದ ಮೇಲೆ ನಮ್ಮ ಫ್ಲ್ಯಾಟಿನಲ್ಲಿ ಅವನು ಬಿಚ್ಚಬಹುದಾದದ್ದು ಏನೂ ಇಲ್ಲ. ಆ ಹುಡುಗರಲ್ಲಿ ಅವನು ಕಂಡದ್ದು ಬೈಕನ್ನೇ ಇರಬೇಕೆಂದು ಈಗ ಅನಿಸುತ್ತಿದೆ.

ಉತ್ತರ 4
ಎಂಜಿನ್ ಕೆಲಸದವನು, ಬೈತಖೋಲ

ಅಕ್ಕಾ, ನಾನು ಮೀನುಗಾರರ ಮನೆಯವನು. ಇಪ್ಪತ್ತಾರು ವರ್ಷ, ದೋಣಿ ಎಂಜಿನ್ ದುರಸ್ತಿ ನನ್ನ ಕಸುಬು. ‘ಬಂದರಿನ ಕಡೆಯ ಪುಂಡರು’ ಎಂಬ ಮಾತು ನೋವು ಕೊಟ್ಟಿತು ಎಂದು ಮೊದಲೇ ಹೇಳಿಬಿಡುತ್ತೇನೆ. ಬಂದರಿನ ಕಡೆಯವರೆಂದರೆ ನಸುಕಿನಲ್ಲಿ ಎದ್ದು ಕಡಲಿಗೆ ಹೋಗುವವರು, ಬಲೆ ಹೊಲಿಯುವವರು, ರಂಪಣಿ ಎಂಬ ದೊಡ್ಡ ಬಲೆಯನ್ನು ದಡಕ್ಕೆ ಎಳೆಯಲು ಹತ್ತಾರು ಮಂದಿ ಒಂದೇ ಹಗ್ಗಕ್ಕೆ ಕೈಹಾಕುವವರು. ಅವರ ನಡುವೆ ಕೆಲಸವಿಲ್ಲದೆ ಅಲೆಯುವ ನಾಲ್ಕು ಹುಡುಗರೂ ಇದ್ದಾರೆ, ನಿಮ್ಮ ಶಿರಸಿ ಪೇಟೆಯಲ್ಲಿ ಇರುವ ಹಾಗೆಯೇ. ಅಂಕ ಹೆಚ್ಚು ಬಂದವನು ಒಳ್ಳೆಯ ಗೆಳೆಯ, ಬಂದರಿನವನು ಕೆಟ್ಟವನು ಎಂದು ಅಳೆಯುವುದನ್ನು ನಿಮ್ಮ ಮಗ ಮನೆಯಲ್ಲಿ ಕೇಳಿಸಿಕೊಂಡಿದ್ದರೆ, ಅವನು ನಿಮಗೆ ಯಾರ ಹೆಸರನ್ನೂ ಹೇಳದಿರುವುದರಲ್ಲಿ ಆಶ್ಚರ್ಯವಿಲ್ಲ.

ಹದಿನಾರರಲ್ಲಿ ನಾನೂ ದೊಡ್ಡವರ ಗುಂಪಿನ ಬಾಲವಾಗಿದ್ದೆ. ಅಂಥ ಗುಂಪಿಗೆ ಒಬ್ಬ ಸಣ್ಣವನು ಬೇಕಾಗುತ್ತದೆ. ಅಂಗಡಿಗೆ ಓಡಲು, ಅವರ ಮಾತಿಗೆ ಬೆರಗಾಗಲು, ಕೈಯಲ್ಲಿ ಹಣವಿದ್ದರೆ ಖರ್ಚು ಮಾಡಲು. ಅದು ನನಗೆ ಅರ್ಥವಾಗಿತ್ತು. ಅರ್ಥವಾಗಿಯೂ ಇದ್ದೆ, ಏಕೆಂದರೆ ನನ್ನನ್ನು ಹೆಸರು ಹಿಡಿದು ಕೂಗುವವರು ಬೇರೆ ಎಲ್ಲೂ ಇರಲಿಲ್ಲ. ಅಲ್ಲಿಂದ ನನ್ನನ್ನು ಯಾರೂ ಬಿಡಿಸಲಿಲ್ಲ. ನನ್ನ ಚಿಕ್ಕಪ್ಪ ಒಂದು ದಿನ ಎಂಜಿನ್ ಬಿಚ್ಚುವಾಗ ‘ಈ ಪಾನಾ ಸ್ವಲ್ಪ ಹಿಡಿದುಕೋ’ ಎಂದ. ಮರುದಿನವೂ ಎಂದ. ಸಂಜೆ ಕೈಯೆಲ್ಲ ಗ್ರೀಸ್ ಆಗಿರುತ್ತಿದ್ದುದರಿಂದ ಗುಂಪಿನ ಕಡೆ ಹೋಗುವುದು ತಾನಾಗಿ ಕಡಿಮೆಯಾಯಿತು.

ಈಗ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧವಿದೆ. ದೋಣಿಗಳೆಲ್ಲ ದಡದಲ್ಲಿವೆ; ಆಗಸ್ಟ್ ಒಂದಕ್ಕೆ ಕಡಲಿಗಿಳಿಯಬೇಕಾದುದರಿಂದ ಎಂಜಿನ್ ಬಿಚ್ಚಿ ಕಟ್ಟುವ ಕೆಲಸ ಎಲ್ಲ ಗ್ಯಾರೇಜುಗಳಲ್ಲಿ ನಡೆದಿದೆ. ಯಂತ್ರದ ಹುಚ್ಚಿರುವ ಹುಡುಗನಿಗೆ ಇದಕ್ಕಿಂತ ಒಳ್ಳೆಯ ಕಾಲವಿಲ್ಲ. ನನ್ನ ಬಳಿ ಕಳಿಸಿ ಎನ್ನುತ್ತಿಲ್ಲ. ನಾನು ಯಾರೋ ನಿಮಗೆ ಗೊತ್ತಿಲ್ಲ, ಗೊತ್ತಿಲ್ಲದವರ ಬಳಿ ಮಗನನ್ನು ಕಳಿಸಲೂ ಬಾರದು. ನಿಮ್ಮ ಯಜಮಾನರು ಕಚೇರಿಯಲ್ಲಿ ವಿಚಾರಿಸಿದರೆ ಪರಿಚಯದವರ ಪರಿಚಯದಲ್ಲಿ ಒಬ್ಬ ಒಳ್ಳೆಯ ಮೇಸ್ತ್ರಿ ಸಿಗುತ್ತಾರೆ. ಮೊದಲ ಕೆಲವು ಸಲ ಅವರೂ ಜೊತೆಗೆ ಹೋಗಿ ಕೂರಲಿ.

ಕೊಂಕಣಿಯ ಚಿಂತೆ ಬಿಡಿ. ಅದನ್ನು ಯಾರೂ ಕುಳಿತು ಕಲಿಸುವುದಿಲ್ಲ. ಕೇಳಿದ ಪಾನಾ ಬಿಟ್ಟು ಬೇರೆ ಪಾನಾ ಕೊಟ್ಟು ಬೈಸಿಕೊಂಡರೆ ಹದಿನೈದು ದಿನದಲ್ಲಿ ಬರುತ್ತದೆ.

ಆಪ್ತಸಮಾಲೋಚಕಿ, ಶಿರಸಿ

ಈ ತಮ್ಮ ಹೇಳಿದ್ದು ನಾನು ಬರೆದುದಕ್ಕಿಂತ ಉಪಯುಕ್ತವಾಗಿದೆ. ಒಂದೇ ಸೂಚನೆ ಸೇರಿಸುತ್ತೇನೆ. ಹದಿನಾಲ್ಕರಿಂದ ಹದಿನೆಂಟರ ಒಳಗಿನವರನ್ನು ಅಪಾಯದ ಕೆಲಸಕ್ಕೆ ಹಚ್ಚುವುದನ್ನು 2016ರ ತಿದ್ದುಪಡಿಯಾದ ಬಾಲಕಾರ್ಮಿಕ ಕಾಯ್ದೆ ನಿಷೇಧಿಸುತ್ತದೆ. ಆದ್ದರಿಂದ ಇದು ಕೂಲಿಯ ಕೆಲಸವಾಗದೆ, ವಾರಕ್ಕೆರಡು ಸಂಜೆ ಹಿರಿಯರ ಕಣ್ಣೆದುರು ನೋಡಿ ಕಲಿಯುವುದಷ್ಟೇ ಆಗಿರಲಿ. ವೆಲ್ಡಿಂಗ್ ಬೇಡ, ದೋಣಿ ಹತ್ತಿ ಕಡಲಿಗೆ ಹೋಗುವುದು ಬೇಡ. ಅಲ್ಲಿ ಅವನ ವಯಸ್ಸಿನ ಒಬ್ಬಿಬ್ಬರು ಇದ್ದಾರೆಯೇ ಎಂಬುದನ್ನೂ ನೋಡಿಕೊಳ್ಳಿ. ಹಿರಿಯರು ಮಾತ್ರ ಇದ್ದರೆ ಕಸುಬು ಬಂದೀತು, ಗೆಳೆಯರು ಬರಲಾರರು.

ಘಟ್ಟ ಇಳಿದವಳು, ಕಾರವಾರ
(ಚೌತಿ ಕಳೆದ ಮೇಲೆ)

ಮೂರು ತಿಂಗಳಾಗುತ್ತಾ ಬಂತು, ನಡೆದುದನ್ನು ತಿಳಿಸುವುದು ನನ್ನ ಕರ್ತವ್ಯ. ಬೈತಖೋಲದ ತಮ್ಮನಲ್ಲಿ ಮೊದಲು ಕ್ಷಮೆ ಕೇಳುತ್ತೇನೆ. ಆ ಮಾತನ್ನು ಬರೆದದ್ದು ತಪ್ಪು. ಮನೆಯಲ್ಲಿ ಅದನ್ನು ಆಡುತ್ತಿದ್ದುದು ಇನ್ನೂ ದೊಡ್ಡ ತಪ್ಪು.

ಬೈಕಿನ ಮಾಲೀಕರ ಮನೆಗೆ ಯಜಮಾನರು ಹೋಗಿ ಬಂದರು. ಆ ಮನೆಯ ಹಿರಿಯರು ಮರ್ಯಾದೆಯಿಂದ ಕೂರಿಸಿ ಚಹಾ ಕೊಟ್ಟು ಕಳಿಸಿದರಂತೆ, ಆಮೇಲೆ ಬೈಕಿನ ಚಾವಿ ಹುಡುಗನ ಕೈಗೆ ಸುಲಭಕ್ಕೆ ಸಿಗುತ್ತಿಲ್ಲ. ಗೆಳೆಯರ ವಿಷಯದಲ್ಲಿ ನಾವು ನಿಷೇಧವನ್ನು ಹಿಂದಕ್ಕೆ ತೆಗೆದುಕೊಂಡೆವು. ಎಂಟು ಗಂಟೆಯೊಳಗೆ ಮನೆಯಲ್ಲಿರಬೇಕು, ಎಲ್ಲಿದ್ದೇನೆಂದು ಹೇಳಬೇಕು, ಅಷ್ಟೇ ಎಂದೆವು. ಹಣದ ವಿಷಯವನ್ನು ಒಂದು ರಾತ್ರಿ ಅವನೇ ತೆಗೆದ. ಬೈಕಿನಿಂದ ಬಿದ್ದು ಅದರ ಇಂಡಿಕೇಟರ್ ಒಡೆದದ್ದಕ್ಕೆ ಹದಿನಾಲ್ಕು ನೂರು ಕೊಡಬೇಕಾಗಿ ಬಂತಂತೆ. ಬಿದ್ದ ಗಾಯವನ್ನು ಒಂದು ತಿಂಗಳು ಪ್ಯಾಂಟಿನೊಳಗೆ ಮುಚ್ಚಿಟ್ಟುಕೊಂಡಿದ್ದ. ಉಳಿದ ಆರು ನೂರರ ಲೆಕ್ಕವನ್ನು ನಾನು ಕೇಳಲಿಲ್ಲ.

ಜಿಲ್ಲಾ ಆಸ್ಪತ್ರೆಯ ವೈದ್ಯರು ಮಾತನಾಡಿಸಿ, ಸದ್ಯಕ್ಕೆ ಔಷಧಿಯ ಅಗತ್ಯ ಕಾಣುವುದಿಲ್ಲ, ತಿಂಗಳಿಗೊಮ್ಮೆ ಕರೆತನ್ನಿ ಎಂದಿದ್ದಾರೆ. ಗುಟ್ಕಾ ಪೂರ್ತಿ ನಿಂತಿಲ್ಲ. ಜುಲೈ ಕೊನೆಯಲ್ಲಿ ಮತ್ತೊಂದು ಪೊಟ್ಟಣ ಸಿಕ್ಕಿತು.

ಯಜಮಾನರ ಸಹೋದ್ಯೋಗಿಯೊಬ್ಬರ ಭಾವನವರದು ದೋಣಿಗಳ ಔಟ್‌ಬೋರ್ಡ್ ಎಂಜಿನ್ ದುರಸ್ತಿಯ ಅಂಗಡಿ. ಗುರುವಾರ ಸಂಜೆ ಮತ್ತು ಭಾನುವಾರ ಬೆಳಿಗ್ಗೆ ಎಂದು ಗೊತ್ತುಮಾಡಿದೆವು. ಮೊದಲ ದಿನ ಅವನು ಒಳಗೇ ಹೋಗದೆ, ಮಳೆಯಲ್ಲಿ ಮಾಡಿನ ಕೆಳಗೆ ನಿಂತು ಎರಡು ಗಂಟೆ ಕಳೆದ. ಎರಡನೆಯ ವಾರ ಹೋಗುವುದಿಲ್ಲ ಎಂದ. ಸಮಾಲೋಚಕಿ ಅಕ್ಕನವರ 50 ಗಂಟೆಯ ಲೆಕ್ಕ ನೆನಪಿದ್ದುದರಿಂದ ಯಜಮಾನರು ಬೈಯದೆ, ತಾವೊಬ್ಬರೇ ಹೋಗಿ ಕುಳಿತು ಬಂದರು. ಮೂರನೆಯ ವಾರ ಅವನೂ ಹೋದ. ಅಲ್ಲಿ ಮೇಸ್ತ್ರಿಯ ಅಕ್ಕನ ಮಗನಿದ್ದಾನೆ, ಬೇರೆ ಶಾಲೆಯಲ್ಲಿ ಹತ್ತನೇ ತರಗತಿ. ಇನ್ನೊಬ್ಬ ಐಟಿಐ ಓದುತ್ತಿರುವವನು. ಆಗಸ್ಟ್ ಮೊದಲ ವಾರದಲ್ಲಿ ಒಂದು ಸಂಜೆ ಮಗನಿಗೆ ಫೋನ್ ಬಂತು, ಯಾವುದೋ ಬೋಲ್ಟ್ ಎಲ್ಲಿಟ್ಟೆ ಎಂದು ಕೇಳಲು. ಅವನು ಉತ್ತರ ಕೊಟ್ಟದ್ದು ಕೊಂಕಣಿಯಲ್ಲಿ. ನನಗೆ ಅರ್ಧವೂ ತಿಳಿಯಲಿಲ್ಲ.

ಹಳೆಯ ಗುಂಪಿನ ಒಬ್ಬನೊಡನೆ ಈಗಲೂ ಓಡಾಟವಿದೆ. ಮಗ ಬಿದ್ದ ದಿನ ಗಾಯ ತೊಳೆದು ಬಟ್ಟೆ ಕಟ್ಟಿ ಮನೆಯ ತಿರುವಿನವರೆಗೆ ತಂದು ಬಿಟ್ಟವನು ಅವನೇ ಎಂದು ಈಚೆಗೆ ತಿಳಿಯಿತು. ಅವನ ಬಗ್ಗೆ ನಾನು ಏನೂ ಹೇಳುತ್ತಿಲ್ಲ. ಕಿರುಪರೀಕ್ಷೆಯಲ್ಲಿ ಗಣಿತಕ್ಕೆ ನೂರಕ್ಕೆ ಮೂವತ್ತೆಂಟು ಬಂದಿದೆ. ಯಜಮಾನರಿಗೆ ಅದರ ಚಿಂತೆ ಬೇರೆ.

ಚೌತಿಯ ಹಿಂದಿನ ದಿನ ನಾನು ಚಕ್ಕುಲಿಯ ಹಿಟ್ಟಿಗೆ ಕೂರುವ ಹೊತ್ತಿಗೆ ಅವನು ಆ ಇಬ್ಬರನ್ನೂ ಕರೆದುಕೊಂಡು ಬಂದ. ಊಟಕ್ಕೆ ಕರೆದೆ, ಬಡಿಸುವಷ್ಟರಲ್ಲಿ ನನ್ನ ಮಿಕ್ಸರ್ ಸದ್ದು ಸರಿಯಿಲ್ಲವೆಂದು ಒಬ್ಬನಿಗೆ ತೋರಿತು. ಮೂವರೂ ಅಡುಗೆಮನೆಯ ನೆಲದ ಮೇಲೆ ಪೇಪರ್ ಹಾಸಿ ಅದನ್ನು ಬಿಚ್ಚಿ ಹರಡಿಕೊಂಡು ಕುಳಿತರು. ಅನ್ನ ಆರಿತು, ಚಟ್ನಿ ಆಗಲಿಲ್ಲ. ಮತ್ತೆ ಕಟ್ಟಿದಾಗ ಒಂದು ತಿರುಪು ಉಳಿದಿತ್ತು; ಅದು ಯಾವುದರದೆಂದು ಮೂವರೂ ಜಗಳವಾಡುತ್ತಲೇ ಎದ್ದು ಹೋದರು. ಮಿಕ್ಸರ್ ಈಗ ಮೊದಲಿಗಿಂತ ಜೋರಾಗಿ ಸದ್ದು ಮಾಡುತ್ತದೆ.